ಹದಿಮೂರು ಡಬ್ಬಿಗಳಲ್ಲಿ ಮೊದಲನೆಯದು

“ಗುರುಗಳೇ, ನನ್ನಲ್ಲಿ ದೋಷಗಳು ಹತ್ತಾರಿವೆ. ಎಲ್ಲವನ್ನೂ ಒಮ್ಮೆಗೇ ಬಿಡುವ ಶಕ್ತಿ ನನಗಿಲ್ಲ. ಮೊದಲು ಯಾವುದನ್ನು ಬಿಡಲಿ?” ಎಂದು ಸಂಗಯ್ಯನೆಂಬ ಗೃಹಸ್ಥ ಶಿಷ್ಯ ಕೇಳಿದ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಈ ಕತೆ ಹೇಳಿದರು.

ಒಬ್ಬ ಬಣ್ಣಗಾರನಿದ್ದ. ನೂಲಿಗೆ ಬಣ್ಣ ಹಾಕುವುದು ಅವನ ಕಸುಬು. ಅವನು ಹಾಕಿದ ನೀಲಿ ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ನೂಲು ತೊಳೆದ ನೀರು ಕಾಲುವೆಯಲ್ಲಿ ಹರಿದು ಕೆಳಗಿನ ಊರಿನ ಕೆರೆ ಸೇರುತ್ತಿತ್ತು. ಆ ಊರಿನಲ್ಲಿ ಅವನ ಅಕ್ಕನ ಮನೆ. ತಾಯಿಯಿಲ್ಲದ ತಮ್ಮನನ್ನು ಎತ್ತಿ ಬೆಳೆಸಿದವಳು ಅವಳು. ಕೆರೆಯಲ್ಲಿ ಬಾತುಕೋಳಿ ಸಾಕಿಕೊಂಡು, ವಾರಕ್ಕೊಮ್ಮೆ ತಮ್ಮನಿಗೆ ಮೊಟ್ಟೆ ಕಳಿಸುತ್ತಿದ್ದಳು.

ಒಂದು ವರ್ಷ ಮೊಟ್ಟೆ ಬರುವುದು ನಿಂತಿತು. ಬಣ್ಣಗಾರ ಹೋಗಿ ನೋಡಿದ. ಬಾತುಗಳು ಇಟ್ಟ ಕೆಲವೇ ಮೊಟ್ಟೆಗಳನ್ನು ಅಕ್ಕ ಕಾವಿಗೆ ಇಟ್ಟಿದ್ದಳು, ಒಂದೂ ಮರಿಯಾಗಿರಲಿಲ್ಲ. ಅವಳು ಎಂದಿನಂತೆ ಊಟ ಬಡಿಸಿದಳು. ಉಣ್ಣುವಾಗ ಅವನಿಗೆ ಆ ಕೆರೆ ಸೇರುವ ತನ್ನ ನೂಲಿನ ನೀರು ನೆನಪಾಯಿತು.

ಅವನ ಬಳಿ ಹದಿಮೂರು ಡಬ್ಬಿಗಳಿದ್ದವು, ಒಂದೊಂದರಲ್ಲಿ ಬಣ್ಣಕ್ಕೆ ಬೆರೆಸುವ ಒಂದೊಂದು ಪುಡಿ. ಕಪ್ಪು ಪುಡಿಯ ಘಾಟನ್ನು ಮೂಗು ತಡೆಯುತ್ತಿರಲಿಲ್ಲ. ತಪ್ಪು ಅದರದೇ ಎಂದುಕೊಂಡು ಅದನ್ನು ಬಿಟ್ಟ. ಮರುವರ್ಷವೂ ಮರಿಗಳಾಗಲಿಲ್ಲ. ಆಗ ಅಕ್ಕನ ಮನೆಗೆ ಹೋಗಿ, “ನನಗೆ ತಿಳಿಯುತ್ತಿಲ್ಲ, ನೀನೇ ಬಂದು ನೋಡು” ಎಂದ.

ಅಕ್ಕ ಬಂದು ಎರಡು ತಿಂಗಳು ಇದ್ದಳು. ಹದಿಮೂರು ಮಡಕೆಗಳಲ್ಲಿ ತಿಳಿನೀರು ತುಂಬಿ, ಕೆಸರು ಹಾಕಿ, ಬಸವನಹುಳುಗಳನ್ನು ಬಿಟ್ಟಳು. ಒಂದೊಂದಕ್ಕೂ ಒಂದೊಂದು ಪುಡಿಯನ್ನು ಚಿಟಿಕೆಯಷ್ಟು ಬೆರೆಸಿದಳು. ಕಪ್ಪು ಪುಡಿಯ ಮಡಕೆಯಲ್ಲಿ ಹುಳುಗಳು ಅಂದೇ ಸತ್ತವು. ಆದರೆ ಕೆಲವು ದಿನ ಬಿಸಿಲಿಗಿಟ್ಟ ಮೇಲೆ ಅದೇ ನೀರಿನಲ್ಲಿ ಬೇರೆ ಹುಳುಗಳು ಬದುಕಿದವು. ಬಿಳಿ ಪುಡಿಯ ಮಡಕೆಯಲ್ಲಿ ಒಂದು ಹುಳುವೂ ಸಾಯಲಿಲ್ಲ, ಒಂದೂ ಮೊಟ್ಟೆಯಿಡಲಿಲ್ಲ. ನೀರು ಬದಲಿಸಿದರೂ ಅಷ್ಟೇ. ಪುಡಿ ಕೆಸರಿನಲ್ಲಿ ಕೂತುಬಿಟ್ಟಿತ್ತು.

ಯಾವುದನ್ನು ಎಷ್ಟು ಬಳಸುತ್ತೀಯೆಂದು ಅವಳು ಕೇಳಿದಳು. ಕಪ್ಪು, ಬಿಡುವ ಮೊದಲು, ವರ್ಷಕ್ಕೊಂದು ಚಿಟಿಕೆ; ಬಿಳಿ ದಿನಕ್ಕೊಂದು ಸೇರು ಎಂದ ಅವನು. ಯಾವುದನ್ನು ಮೊದಲು ಬಿಡಬೇಕೋ ಆ ಕ್ರಮದಲ್ಲಿ ಅವಳು ಡಬ್ಬಿಗಳನ್ನು ಸಾಲಾಗಿ ಜೋಡಿಸಿದಳು. ಬಿಳಿಯದನ್ನು ಮೊದಲಿಗಿಟ್ಟಳು, ಕಪ್ಪನ್ನು ಒಂಬತ್ತನೆಯದಾಗಿ.

ಬಣ್ಣಗಾರನ ಮುಖ ಬಾಡಿತು. ಬಿಳಿ ಪುಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಅದರ ಹದವನ್ನು ಅವನೇ ಹತ್ತು ವರ್ಷ ದುಡಿದು ಕಂಡುಕೊಂಡಿದ್ದ.

“ಅದಿಲ್ಲದಿದ್ದರೆ ನನ್ನ ನೀಲಿ ನಿಲ್ಲುವುದಿಲ್ಲ ಅಕ್ಕ.”

“ನನಗೂ ಗೊತ್ತಪ್ಪ. ಅದಕ್ಕೇ ಅದು ಕೆರೆಯಿಂದಲೂ ಹೋಗುತ್ತಿಲ್ಲ.”

ಅವನು ಬಹಳ ಹೊತ್ತು ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಅಕ್ಕ ಅವಸರ ಮಾಡಲಿಲ್ಲ. ಕೊನೆಗೆ ಅವನೇ ಅದರ ಬಾಯಿಗೆ ಮೇಣ ಮೆತ್ತಿ ಅಟ್ಟಕ್ಕೆ ಹಾಕಿದ. ಅದರ ಬದಲು ಅಳಲೆಕಾಯಿಯ ಕಷಾಯದಲ್ಲಿ ನೂಲು ನೆನೆಸುವುದನ್ನು ಹೊಸದಾಗಿ ಕಲಿತ. ಅವನ ನೀಲಿ ಮೊದಲಿನಂತೆ ಬರಲಿಲ್ಲ, ನಾಲ್ಕು ಒಗೆತಕ್ಕೆ ಮಾಸುತ್ತಿತ್ತು. ಕೆಲವು ನೇಕಾರರು ಅವನನ್ನು ಬಿಟ್ಟು ಹೋದರು. ಊರವರು ಕೆರೆಯ ಹೂಳೆತ್ತಿದಾಗ ಅವನೂ ಹೋಗಿ ಬುಟ್ಟಿ ಹೊತ್ತ. ನಾಲ್ಕನೆಯ ವರ್ಷ ಏಳು ಬಾತುಮರಿಗಳು ಅಕ್ಕನ ಹಿಂದೆ ಸಾಲಾಗಿ ನಡೆದವು. ಅದನ್ನು ನೋಡಿ ಬಣ್ಣಗಾರ ಅಲ್ಲೇ ಕೆರೆಯ ಏರಿಯ ಮೇಲೆ ಕೂತು ಅತ್ತ.

ಗುರುಗಳು ಕತೆ ನಿಲ್ಲಿಸಿದರು. ಸಂಗಯ್ಯ, “ಅರ್ಥವಾಯಿತು. ನನ್ನ ಕೋಪ ಆ ಕಪ್ಪು ಪುಡಿಯಂತೆ, ಯಾವಾಗಲೋ ಒಮ್ಮೆ ಬರುವುದು. ಹಾಗಾದರೆ ನನ್ನ ಬಿಳಿ ಪುಡಿ ಯಾವುದು ಗುರುಗಳೇ?” ಎಂದ.

ಗುರುಗಳು ಅವನ ಹೆಗಲ ಮೇಲೆ ಕೈಯಿಟ್ಟು ಕೇಳಿದರು: “ಬಣ್ಣಗಾರ ಅಕ್ಕನನ್ನು ಕೇಳಿದಂತೆ, ನೀನು ನಿನ್ನ ಹೆಂಡತಿಯನ್ನು ಇದುವರೆಗೆ ಒಮ್ಮೆಯಾದರೂ ಕೇಳಿದ್ದೀಯೇನಪ್ಪ?”

ಸಂಗಯ್ಯ ಎದ್ದು ಗುರುಗಳಿಗೆ ನಮಸ್ಕರಿಸಿ ಮನೆಯ ದಾರಿ ಹಿಡಿದ.