ಮುಂದೆ ನಿಂತ ಜಾಲರಿ

ಹಳೆಯ ಕಾರೊಂದರ ಎ.ಸಿ. ಕೆಟ್ಟು ವರ್ಷಗಳೇ ಆಗಿದ್ದವು. ಆದರೂ ಆ ಎ.ಸಿ.ಯ ಜಾಲರಿ, ಎಂಜಿನ್ನಿನ ಬಿಸಿ ಹೊತ್ತು ಗಾಳಿಗೆ ತಣಿಯುವ ರೇಡಿಯೇಟರಿಗೆ ಅಡ್ಡವಾಗಿ ಠೀವಿಯಿಂದ ನಿಂತಿತ್ತು.

"ಧಣಿಗಳನ್ನು ತಂಪಾಗಿಟ್ಟವನು ನಾನು. ಗಾಳಿ ಮೊದಲು ನನಗೆ, ಉಳಿದರೆ ನಿನಗೆ."

"ಆಗಲಿ ಅಣ್ಣಾ," ಎಂದಿತು ರೇಡಿಯೇಟರು. ಹಿರಿಯರಿಗೆ ಎದುರಾಡುವುದುಂಟೇ? ಪ್ರತಿ ಏರಿನಲ್ಲೂ ಕೊತಕೊತ ಕುದಿದು, ಕೊನೆಗೊಂದು ದಿನ ಎದೆ ಬಿರಿದು ನೀರೆಲ್ಲ ಸೋರಿಸಿಕೊಂಡಿತು.

ಮೆಕ್ಯಾನಿಕ್ ಮೆಹಬೂಬಣ್ಣ ಬಿರುಕಿಗೆ ಬೆಸುಗೆ ಹಾಕಿದ. ಕೆಟ್ಟ ಎ.ಸಿ.ಯನ್ನು ಜಾಲರಿಸಮೇತ ಕಳಚಿ ಗುಜರಿಗೆ ಎಸೆದ.

ಮರುದಿನ ಅದೇ ಏರಿನಲ್ಲಿ ತಣ್ಣನೆಯ ಗಾಳಿ ರೇಡಿಯೇಟರಿನ ಎದೆ ಸವರಿತು.

"ತಾಯೀ, ಇಷ್ಟು ದಿನ ಎಲ್ಲಿದ್ದೆ?"

"ನಾನು ದಿನವೂ ಬರುತ್ತಿದ್ದೆ ಮಗಾ," ಎಂದಿತು ಗಾಳಿ. "ನಿನ್ನ ಮರ್ಯಾದೆಯೇ ಬಾಗಿಲು ಹಾಕಿಕೊಂಡಿತ್ತು."