ಹೊನ್ನೀರಿ ಕೆರೆ

ಹಂಬಿನಹಳ್ಳಿಯ ಕೆರೆಗೆ ದುರ್ಬೀನು ಹಿಡಿದು ಬರುವವರೆಲ್ಲ ಮೊದಲು ಕೇಳುವುದು ಒಂದೇ ಮಾತು: ನಡುನೀರಿನ ಜಾಲಿಮರಗಳ ತುಂಬ ಇಷ್ಟೊಂದು ಬೆಳ್ಳಕ್ಕಿಗಳು ಗೂಡು ಕಟ್ಟಿರುವಾಗ ಇದನ್ನು ಬೆಳ್ಳಕ್ಕಿಕೆರೆ ಎನ್ನಬಾರದೇ, ಈ ಹೊನ್ನೀರಿ ಯಾರು? ಊರವರು ಮೊದಲು ಹಕ್ಕಿಗಳ ಕಡೆಗೇ ಕೈ ತೋರಿಸುತ್ತಾರೆ. ಮರಿಗಳ ಗಲಾಟೆ, ಹಿಕ್ಕೆಯ ನಾತ, ಕೆಸರಿನಲ್ಲಿ ಅಲುಗದೆ ಮೀನು ಕಾಯುವ ಹಕ್ಕಿ, ಎಲ್ಲವೂ ಚೆಂದವೇ. ಹೆಸರಿನ ಕಥೆ ಮಾತ್ರ ಚೆಂದದ್ದಲ್ಲ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಜವನಯ್ಯನೆಂಬವನು ಇಲ್ಲಿ ನೀರುಗಂಟಿಯಾಗಿದ್ದನಂತೆ. ತೂಬು ತೆರೆಯುವುದು, ಮುಚ್ಚುವುದು, ಗದ್ದೆಗಳಿಗೆ ನೀರು ಹಂಚುವುದು ಅವನ ಕೆಲಸ. ಕೆರೆಯನ್ನು ಎಲ್ಲಿ ಕಾಲ್ನಡಿಗೆಯಲ್ಲಿ ದಾಟಬಹುದೆಂದು ಊರೆಲ್ಲ ಅವನನ್ನೇ ಕೇಳುತ್ತಿತ್ತು. ಅವನು ಏರಿಯ ಮೇಲೆ ನಿಂತು, ಹಣೆಗೆ ಕೈಯಿಟ್ಟು, ಬೆಳ್ಳಕ್ಕಿಗಳ ಕಾಲು ನೋಡುತ್ತಿದ್ದ. ಕಾಲು ಪೂರಾ ಕಂಡರೆ ಮಕ್ಕಳೂ ದಾಟಬಹುದು, ಹೊಟ್ಟೆ ನೀರಿಗೆ ತಾಗಿದರೆ ಗಟ್ಟಿ ಆಳುಗಳು ಮಾತ್ರ, ಹಕ್ಕಿಯೇ ಇಲ್ಲದಲ್ಲಿ ಯಾರೂ ಇಳಿಯಕೂಡದು. ಅವನ ಮಾತು ಎಂದೂ ಸುಳ್ಳಾಗಿರಲಿಲ್ಲ ಎನ್ನುತ್ತಾರೆ. ಅದರ ಬಗ್ಗೆ ಅವನಿಗೂ ಒಂದಿಷ್ಟು ಜಂಭವಿತ್ತು. ಇರಲಿ ಬಿಡಿ, ಯಾರಿಗಿರುವುದಿಲ್ಲ!

ಅವನ ಒಬ್ಬಳೇ ಮಗಳು ಹೊನ್ನೀರಿಯನ್ನು ಎದುರು ದಡದ ಊರಿಗೆ ಕೊಟ್ಟಿತ್ತು. ಅಂಬೆಗಾಲಿಡುವ ಕೂಸನ್ನು ಅತ್ತೆಯ ಬಳಿ ಬಿಟ್ಟು, ತಾಯಿಯ ತಿಥಿಗೆಂದು ಅವಳು ತವರಿಗೆ ಬಂದಿದ್ದಾಗ, ಕೂಸಿಗೆ ಜ್ವರ ನೆತ್ತಿಗೇರಿದೆಯೆಂದು ಸುದ್ದಿ ಬಂತು. ಹಿಂದಿನ ದಿನವಷ್ಟೇ ಜೋರು ಮಳೆಯಾಗಿ ಕೆರೆಗೆ ಹೊಸನೀರು ನುಗ್ಗಿತ್ತು. ಸುತ್ತುದಾರಿ ಹಿಡಿದರೆ ಊರು ಮುಟ್ಟುವಾಗ ಸಂಜೆಯಾಗುತ್ತದೆ.

“ಅಪ್ಪಯ್ಯ, ನೀರು ದಾಟಬಹುದಾ? ನನಗೆ ಜೀವ ನಿಲ್ತಿಲ್ಲ,” ಎಂದಳು.

ಜವನಯ್ಯ ನೋಡಿದ. ಕೆರೆಯ ನಡುವೆ ಒಂದು ಬೆಳ್ಳಕ್ಕಿ, ಕಪ್ಪು ಕಾಲು ಪೂರಾ ಕಾಣುವಂತೆ ನಿಂತಿತ್ತು. “ಹೋಗವ್ವ. ಅದು ನಿಂತ ಕಡೆಗೇ ನೆಟ್ಟಗೆ ನಡಿ. ತೂಬು ಮುಚ್ಚಿ ಹಿಂದೆಯೇ ಬರ್ತೀನಿ,” ಎಂದ.

ಹೊಸನೀರು ಅಂತರಗಂಗೆಯ ದಟ್ಟ ಹಾಸನ್ನು ತೇಲಿಸಿ ತಂದು, ಮಣ್ಣು ತೆಗೆದ ಹಳೆಯ ಗುಂಡಿಯ ಮೇಲೆ ಹರಡಿತ್ತು. ಹಕ್ಕಿ ನಿಂತದ್ದು ನೆಲದ ಮೇಲಲ್ಲ, ಆ ತೇಲುವ ಸೊಪ್ಪಿನ ಮೇಲೆ. ಹೊನ್ನೀರಿ ಸೀರೆ ಎತ್ತಿಕಟ್ಟಿ ಬಿರಬಿರನೆ ನಡೆದಳು, ಹಕ್ಕಿ ಹಾರಿತು, ಅವಳು ಅದೇ ಜಾಗದಲ್ಲಿ ಕಾಲಿಟ್ಟಳು. ಜವನಯ್ಯ ಓಡಿ ಬರುವಷ್ಟರಲ್ಲಿ ಹಸಿರು ಹಾಸು ಮತ್ತೆ ಕೂಡಿಕೊಂಡಿತ್ತು. ಮುಳುಗಿ ಮುಳುಗಿ ಹುಡುಕಿ ಎತ್ತಿ ತಂದಾಗ ಮೈ ತಣ್ಣಗಾಗಿತ್ತು. ಆಚೆ ದಡದಲ್ಲಿ ಕೂಸಿನ ಜ್ವರ ಆ ಹೊತ್ತಿಗೆ ಇಳಿದಿತ್ತಂತೆ. ಏನು ಹೇಳುವುದು, ಹಣೆಬರಹ!

ಸಿಟ್ಟಿಗೆದ್ದ ಊರವರು ಜಾಲಿಮರ ಕಡಿದು ಗೂಡು ಕೆಡವಲು ಕೊಡಲಿ ಹಿಡಿದು ಹೊರಟರು. ಜವನಯ್ಯ ಅಡ್ಡ ನಿಂತ. “ಹಕ್ಕಿ ಬಾ ಅಂತ ಕರೀತಾ? ನಡಿ ಅಂದವನು ನಾನು. ಕಡಿಯೋದಿದ್ರೆ ನನ್ನ ಕಡೀರಿ,” ಎಂದನಂತೆ. ಯಾರೂ ಮುಂದೆ ಬರಲಿಲ್ಲ. ಅಂದಿನಿಂದ ದೂರ ನಿಂತು ನೋಡಿ ಹೇಳುವುದನ್ನು ಅವನು ಬಿಟ್ಟ. ಯಾರು ದಾಟಬೇಕೆಂದರೂ ಬಿದಿರಿನ ಗಳ ಹಿಡಿದು ತಾನೇ ಮೊದಲು ನೀರಿಗಿಳಿಯುತ್ತಿದ್ದ. ಉಳಿದ ಹೊತ್ತೆಲ್ಲ ಆ ಗುಂಡಿಯ ಕಡೆ ಮುಖ ಮಾಡಿ ಕೂತಿರುತ್ತಿದ್ದ. ಜವನಯ್ಯ ಎಲ್ಲೆಂದು ಕೇಳಿದರೆ “ಹೊನ್ನೀರಿ ಹತ್ತಿರ” ಎನ್ನುವುದು ಜನರಿಗೆ ರೂಢಿಯಾಯಿತು. ಅವನು ಹೋದ ಮೇಲೂ ಕೆರೆಗೆ ಅದೇ ಹೆಸರು ಉಳಿಯಿತು.

ಈಗ ಅಲ್ಲಿ ಕಾಂಕ್ರೀಟಿನ ಸೇತುವೆಯಿದೆ. ಆದರೂ ಹಂಬಿನಹಳ್ಳಿಯವರು ಮಗಳನ್ನು ಗಂಡನ ಮನೆಗೆ ಕಳಿಸುವ ದಿನ, ಅಪ್ಪನಾದವನು ಗಳ ಹಿಡಿದು, ಸೇತುವೆಯ ಮೇಲೆ ಹೆಜ್ಜೆ ಹೆಜ್ಜೆಗೂ ಕುಟ್ಟುತ್ತ ಮುಂದೆ ನಡೆಯುತ್ತಾನೆ. ನೋಡಲು ಬಂದ ಹೊಸಬರು ನಗುತ್ತಾರೆ. ಆಚೆ ದಡ ಮುಟ್ಟುವವರೆಗೆ ಮಗಳು ಅವನನ್ನು ದಾಟಿ ಒಂದು ಹೆಜ್ಜೆಯೂ ಮುಂದಿಡುವುದಿಲ್ಲ.