ಕಂಬಳಿಗಾನಿಗೆ ಆ ಹೆಸರು ಬಂದ ಬಗೆ

ಮುಗಿಲಗುಡ್ಡದ ನೆತ್ತಿಗೆ ಹತ್ತಿದವರಿಗೆ ಮೊದಲು ಕಾಣುವುದು ಬರೀ ಹುಲ್ಲು. ಕಣ್ಣು ಹಾಯಿಸಿದಷ್ಟು ದೂರ ಮೊಣಕಾಲೆತ್ತರದ ಹುಲ್ಲು. ನೆರಳಿಗೆಂದು ಹುಡುಕಿದರೆ ಒಂದು ಮರವಿಲ್ಲ. ಇಷ್ಟಕ್ಕೇ ಇಷ್ಟು ಹತ್ತಿದೆವೇ ಎಂದು ಗೊಣಗುವವರು ಪಡುವಣದ ಇಳಿಜಾರಿನಲ್ಲಿ ಸ್ವಲ್ಪ ಕೆಳಗಿಳಿಯಬೇಕು. ಅಲ್ಲಿ ಎರಡು ದಿಣ್ಣೆಗಳ ನಡುವಿನ ಮಡಿಲಲ್ಲಿ ಒತ್ತೊತ್ತಾಗಿ ಬೆಳೆದ ಕಾಡೊಂದಿದೆ. ಮರಗಳು ಗಿಡ್ಡ, ಕೊಂಬೆಗಳು ಸೊಟ್ಟ, ಮೈತುಂಬ ಹಾವಸೆ. ಒಳಗೆ ಕಾಲಿಟ್ಟರೆ ಕಡುಬೇಸಿಗೆಯಲ್ಲೂ ಮೈ ಜುಮ್ಮೆನ್ನುತ್ತದೆ. ಇಂಥ ಕಾಡಿಗೆ ಆ ಕಡೆ ಕಾನು ಎನ್ನುತ್ತಾರೆ; ಇದರ ಹೆಸರು ಕಂಬಳಿಗಾನು. ದೂರದಿಂದ ಕರಿ ಕಂಬಳಿ ಹರವಿದಂತೆ ಕಾಣುವುದಕ್ಕೆ ಆ ಹೆಸರು ಬಂದಿರಬೇಕೆಂದು ಪೇಟೆಯಿಂದ ಬಂದವರು ತಾವೇ ತೀರ್ಮಾನ ಮಾಡಿಕೊಂಡು ಹೋಗುತ್ತಾರೆ. ಗುಡ್ಡದ ಬುಡದಲ್ಲಿರುವ ಕುರುಬರ ಹಟ್ಟಿಯ ಹಿರಿಯರು ಅದನ್ನು ಕೇಳಿ ನಕ್ಕು, ಮಾಳವ್ವನ ಕಥೆ ತೆಗೆಯುತ್ತಾರೆ.

ಹಿಂದೆ ಒಮ್ಮೆ, ಆ ಸೀಮೆಗೆ ಪಾಳೆಯಗಾರರು ಕೂಡ ಬಂದಿರದ ಕಾಲದಲ್ಲಿ, ಹಟ್ಟಿಯವರು ಮಳೆಗಾಲ ಮುಗಿಯುತ್ತಲೇ ಕುರಿ ಹೊಡೆದುಕೊಂಡು ಗುಡ್ಡ ಹತ್ತುತ್ತಿದ್ದರು. ಮುಂಗಾರು ಹಿಡಿಯುವವರೆಗೂ ಹಟ್ಟಿಯೆಲ್ಲ ಅಲ್ಲೇ: ಅಲ್ಲೇ ದೊಡ್ಡಿ, ಅಲ್ಲೇ ಗುಡಿಸಲು, ಅಲ್ಲೇ ಕಂಬಳಿ ನೇಯುವ ಮಗ್ಗದ ಕುಳಿ, ಮಡಿಲ ಮೇಲಿನ ದಿಣ್ಣೆಯಲ್ಲಿ ಬೀರಪ್ಪಸ್ವಾಮಿಯ ಗುಡಿ. ಮಡಿಲ ಕಾಡಿನೊಳಗಿಂದ ಒಂದು ಒರತೆ ಹರಿದು ಬರುತ್ತಿತ್ತು. ಅದು ಬತ್ತಿದ್ದನ್ನು ಅಜ್ಜಂದಿರ ಅಜ್ಜಂದಿರೂ ಕಂಡಿರಲಿಲ್ಲ. ಹಟ್ಟಿಗೌಡನ ವಿಧವೆ ಮಾಳವ್ವ ಆಗ ನಲವತ್ತರ ಹೆಂಗಸು. ಕುರಿಯ ಕೆಮ್ಮು ಕೇಳಿಯೇ ರೋಗ ಹೇಳುವವಳು, ಮಾತು ಮಾತ್ರ ಕೊಡಲಿಯಂಥದು. ಒಂದು ವರ್ಷ ಕಾಡಿನಲ್ಲಿ ಅಡಗಿದ್ದ ಹುಲಿ ಅವಳ ಹನ್ನೊಂದು ಕುರಿಗಳನ್ನು ಹೊತ್ತೊಯ್ದಿತು. ಕೂಟ ಸೇರಿದಾಗ ಮಾಳವ್ವ ಎದ್ದು ನಿಂತು, ಕಾಡು ಇರುವ ತನಕ ಹುಲಿ ಇರುತ್ತದೆ, ಕಾಡನ್ನೇ ಕಡಿಯಿರಿ ಎಂದಳು. ಅವಳ ಮಾತನ್ನು ಕೆಳಗೆ ಬೀಳಗೊಡುವ ರೂಢಿ ಹಟ್ಟಿಯಲ್ಲಿರಲಿಲ್ಲ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ, ಮೂರು ವಾರದಲ್ಲಿ ಕಾಡನ್ನು ನೆಲಸಮ ಮಾಡಿದರು. ಹುಲಿ ಹೋಯಿತು. ಹಟ್ಟಿಯವರು ಹಬ್ಬ ಮಾಡಿ ಉಂಡರು.

ಮರುವರ್ಷ ಶಿವರಾತ್ರಿಯ ಹೊತ್ತಿಗೆ ಒರತೆ ನಿಂತುಹೋಯಿತು. ಅದರಾಚೆ ವರ್ಷ ಸಂಕ್ರಾಂತಿಗೇ ನಿಂತಿತು. ಕುರಿಗಳನ್ನು ದಿನಾ ಅರ್ಧ ಹಗಲು ನಡೆಸಿ ಕೆಳಗಿನ ಹಳ್ಳಕ್ಕೆ ಇಳಿಸಬೇಕಾಯಿತು. ಗಬ್ಬದ ಕುರಿಗಳು ಏರಿನಲ್ಲೇ ಕುಸಿದವು. ಸತ್ತ ಮರಿಗಳು ಹನ್ನೊಂದರ ಎಷ್ಟು ಪಟ್ಟು ಎಂದು ಮಾಳವ್ವನ ಎದುರು ಯಾರೂ ಆಡಲಿಲ್ಲ. ಆಡದೆ ಇದ್ದದ್ದೇ ಅವಳನ್ನು ಹೆಚ್ಚು ಸುಟ್ಟಿತು. ಗುಡ್ಡ ಬಿಟ್ಟುಬಿಡೋಣ, ಕುರಿ ಮಾರಿ ಬಯಲುಸೀಮೆಯಲ್ಲಿ ಕಂಡವರ ಹೊಲಕ್ಕೆ ಕೂಲಿ ಹೋಗೋಣ ಎಂದು ಹಿರಿಯರು ನಿರ್ಧರಿಸಿದ ದಿನ ಅವಳು ಕೂಟದ ನಡುವೆ ಸೆರಗೊಡ್ಡಿ ನಿಂತಳು. ಕಾಡು ಕಡಿದದ್ದಕ್ಕೆ ನೀರು ಹೋಯಿತು, ಕಾಡು ಬಂದರೆ ನೀರೂ ಬರುತ್ತದೆ, ಮೂರು ಪುಷ್ಯಮಾಸ ಕೊಡಿ ಎಂದು ಬೇಡಿದಳು. ಮೂರನೆಯ ಪುಷ್ಯ ಕಳೆದ ಮೇಲೆ ಸಸಿಗಳು ಹಸಿರಾಗಿ ನಿಂತಿದ್ದರೆ ಗುಡ್ಡದಲ್ಲಿ ಇರುವುದು, ಇಲ್ಲದಿದ್ದರೆ ಇಳಿಯುವುದು ಎಂದು ಒಪ್ಪಂದವಾಯಿತು.

ಸಸಿ ನೆಡುವುದೇನು ಮಹಾ ಎಂದುಕೊಂಡಿದ್ದಳು ಮಾಳವ್ವ. ಪಕ್ಕದ ಗುಡ್ಡದ ಕಾಡಿಗೆ ಹೋಗಿ, ಕಾಡುಪಾರಿವಾಳಗಳು ಎಲ್ಲಿ ಹಣ್ಣು ತಿನ್ನುತ್ತವೆಂದು ನೋಡಿ, ಅಲ್ಲಿ ಹುಟ್ಟಿದ ಸಸಿಗಳನ್ನು ಮಣ್ಣುಸಮೇತ ಬುಟ್ಟಿಯಲ್ಲಿ ಹೊತ್ತು ತಂದಳು. ಮಡಿಲ ತುಂಬ ನೆಟ್ಟು, ಕುರಿ ಬಾಯಿ ಹಾಕದಂತೆ ಮುಳ್ಳುಬೇಲಿ ಕಟ್ಟಿದಳು. ಪುಷ್ಯ ಬಂತು. ಆ ಎತ್ತರದಲ್ಲಿ ಪುಷ್ಯದ ಇಬ್ಬನಿ ಹೆಪ್ಪುಗಟ್ಟಿ ಹುಲ್ಲಿನ ಮೇಲೆ ಉಪ್ಪು ಚೆಲ್ಲಿದಂತೆ ಬೀಳುತ್ತದೆ. ಒಂದೇ ಬೆಳಗಿಗೆ ಸಸಿಗಳೆಲ್ಲ ಬೆಂದಂತೆ ಕಪ್ಪಾದವು. ದೊಡ್ಡ ಮರಗಳ ನೆರಳಿನಲ್ಲಿ ಹುಟ್ಟಿದ ಎಳೆಗೂಸುಗಳನ್ನು ಬರಿ ಬಯಲಿನಲ್ಲಿ ಬತ್ತಲೆ ಮಲಗಿಸಿದ್ದೆನೆಂದು ಅವಳಿಗೆ ಆಗ ಹೊಳೆಯಲಿಲ್ಲ. ಕುಕ್ಕರಿಸಿ ಕೂತು ಅತ್ತಳು. ಎರಡನೆಯ ವರ್ಷವೂ ಅದೇ ಗತಿ. ಆದರೆ ಈ ಸಲ ಬೇಲಿಯ ಮೇಲೆ ಯಾರೋ ಬಿಸಾಡಿದ್ದ ಹರಕು ಕಂಬಳಿಯ ಅಡಿಯಲ್ಲಿ ಏಳು ಸಸಿಗಳು ಏನೂ ಆಗದಂತೆ ಹಸಿರಾಗಿದ್ದವು. ಮಾಳವ್ವ ಆ ಹರಕನ್ನು ಎತ್ತಿ ನೋಡಿದಳು, ಮತ್ತೆ ಮುಚ್ಚಿದಳು, ಮತ್ತೆ ಎತ್ತಿ ನೋಡಿದಳು. ಅಂದು ಅವಳು ಹಟ್ಟಿಗೆ ಓಡಿಬಂದ ರಭಸಕ್ಕೆ ನಾಯಿಗಳು ಹುಲಿ ಬಂತೆಂದು ಬೊಗಳಿದವಂತೆ.

ಮೂರನೆಯ ವರ್ಷ ಸಸಿಗಳನ್ನು ಮಡಿಲ ತುಂಬ ಚದುರಿಸಲಿಲ್ಲ. ಬಂಡೆಗಳ ಮಗ್ಗುಲಲ್ಲಿ ಗುಂಪುಗುಂಪಾಗಿ ನೆಟ್ಟು, ಸುತ್ತ ಗೂಟ ಹೊಡೆದಳು. ದಿನಾ ಸಂಜೆ ತನ್ನ ಕಂಬಳಿಯನ್ನು ಒಂದು ಗುಂಪಿಗೆ ಹೊದಿಸಿ, ತಾನು ಕುರಿಗಳ ನಡುವೆ ಮುದುಡಿ ಮಲಗತೊಡಗಿದಳು. ಗಿಡಕ್ಕೆ ಕಂಬಳಿ ಹೊದಿಸುವವಳು ನಾಳೆ ಬಂಡೆಗೆ ಎಣ್ಣೆಸ್ನಾನ ಮಾಡಿಸುತ್ತಾಳೆ ಎಂದು ನಕ್ಕವರಿಗೇನು ಕಡಿಮೆಯಿರಲಿಲ್ಲ. ಆದರೆ ಚಳಿಗೆ ಅವಳ ತುಟಿ ಒಡೆದು ರಕ್ತ ಬಂದದ್ದನ್ನು ಕಂಡ ಹೆಂಗಸರು ಒಬ್ಬೊಬ್ಬರಾಗಿ ತಮ್ಮ ಕಂಬಳಿ ತಂದರು. ಆಮೇಲೆ ಗಂಡಸರು, ಗೊಣಗುತ್ತ. ಆ ವರ್ಷ ಇಬ್ಬನಿ ಅಲ್ಲಿಯವರೆಗೆ ತೆಳುವಾಗಿ ಬಿದ್ದಿದ್ದರಿಂದ, ಕಂಬಳಿ ಸಾಲದ ಗುಂಪುಗಳಿಗೆ ಬಂಡೆಯ ಮರೆಯೇ ಸಾಕಾಗಿತ್ತು. ಪುಷ್ಯದ ಕೊನೆಯ ವಾರ ಒಂದು ಸಂಜೆ ಗಾಳಿ ನಿಂತು ಆಕಾಶ ತಿಳಿಯಾಯಿತು. ಇಂದು ಬೀಳುವ ಇಬ್ಬನಿಯೇ ವರ್ಷದ ಕಡುಕೆಟ್ಟದ್ದೆಂದು ಎಲ್ಲರಿಗೂ ಗೊತ್ತಾಯಿತು. ಹಟ್ಟಿಯಲ್ಲಿದ್ದ ಕಂಬಳಿಗಳೆಲ್ಲ ಮಡಿಲಿಗೆ ಬಂದವು. ಆದರೂ ಒರತೆಯ ಬಾಯಿಯಲ್ಲಿದ್ದ ಗುಂಪು ಬರಿಮೈಯಲ್ಲಿ ಉಳಿಯಿತು. ಎರಡನೆಯ ವರ್ಷ ಬದುಕುಳಿದ ಆ ಏಳು ಸಸಿಗಳು ಅಲ್ಲಿದ್ದವು.

ಹಟ್ಟಿಯಲ್ಲಿ ಇನ್ನೊಂದೇ ಒಂದು ಕಂಬಳಿಯಿತ್ತು. ಅದು ಗುಡಿಯಲ್ಲಿ ಬೀರಪ್ಪಸ್ವಾಮಿಯ ಗದ್ದುಗೆಯಾಗಿ ಹಾಸಿದ್ದ ಕರಿ ಕಂಬಳಿ. ಪೂಜಾರಿಯ ಹೊರತು ಯಾರೂ ಮುಟ್ಟುವಂತಿರಲಿಲ್ಲ; ಅದರ ಮೇಲೆ ಮಾಡಿದ ಆಣೆಗೆ ಮರುಮಾತಿರಲಿಲ್ಲ. ಮಾಳವ್ವ ನೇರ ಗುಡಿಗೆ ನಡೆದಳು. ಮುದುಕ ಪೂಜಾರಿ ಕೆಂಚಪ್ಪ ಬಾಗಿಲಿಗೆ ಅಡ್ಡ ನಿಂತ.

"ಸ್ವಾಮಿ ಕುಂತಿರೋ ಗದ್ದುಗೆ ಕಣವ್ವ ಅದು. ಮುಟ್ಟಿದ್ರೆ ಕುಲದಿಂದ ಹೊರಗಾಗ್ತೀಯ."

"ಆಗ್ತೀನಿ ಬಿಡಪ್ಪ," ಎಂದಳು ಮಾಳವ್ವ. "ಕಾಡು ಕಡಿಸಿದ ಬಾಯಿ ನಂದು. ಆದ್ರೆ ಬೀರಪ್ಪ ಕುರಿ ಕಾಯ್ದ ದೇವ್ರು. ಕುರಿ ಬಾಯಾರಿ ಸಾಯೋವಾಗ ಅವನೊಬ್ಬ ಬೆಚ್ಚಗೆ ಕುಂತಾನಾ? ಹೂ ಕೇಳಿ ನೋಡು."

ದೇವರ ಮನಸ್ಸು ತಿಳಿಯಬೇಕಾದರೆ ಮೂರ್ತಿಯ ಮೇಲೆ ಹೂ ಇಟ್ಟು, ಯಾವ ಕಡೆಗೆ ಬೀಳುತ್ತದೆಂದು ಕಾಯುವುದು ಪದ್ಧತಿ. ಕೆಂಚಪ್ಪ ಹೂವಿನ ಬುಟ್ಟಿಗೆ ಕೈ ಹಾಕಿ, ಹಾಗೇ ಕೈ ಹಿಂದೆ ತೆಗೆದ. "ಇದ್ಕೆ ಹೂ ಕೇಳೋದೇನೈತೆ, ನಡಿ," ಎಂದ. ಮೂರ್ತಿಯನ್ನು ಎರಡೂ ಕೈಯಿಂದ ಎತ್ತಿ ಬರಿ ಕಲ್ಲಿನ ಮೇಲಿಟ್ಟ. ಕಂಬಳಿಯನ್ನು ಮಡಿಸಿ ತಲೆಯ ಮೇಲೆ ಹೊತ್ತು, ಡೊಳ್ಳಿನವರನ್ನು ಮುಂದೆ ಬಿಟ್ಟುಕೊಂಡು ಮಡಿಲಿಗೆ ಇಳಿದ. ಹಟ್ಟಿಗೆ ಹಟ್ಟಿಯೇ ಹಿಂದೆ ಬಂತು. ದೇವರನ್ನು ಮೆರೆಸುವ ವೈಭವದಲ್ಲಿ ಏಳು ಸಸಿಗಳಿಗೆ ಗದ್ದುಗೆ ಹೊದಿಸಿದರು.

ಬೆಳಗ್ಗೆ ಗುಡ್ಡವೆಲ್ಲ ಬೆಳ್ಳಗಿತ್ತು. ಬಿಸಿಲೇರಿದ ಮೇಲೆ ಕಂಬಳಿಗಳನ್ನು ಒಂದೊಂದಾಗಿ ಎತ್ತಿದರು. ಪ್ರತಿಯೊಂದರ ಅಡಿಯಲ್ಲೂ ಹಸಿರು. ಹಿರಿಯರು ಇಳಿಯುವ ಮಾತನ್ನು ಅಂದೇ ಕೈಬಿಟ್ಟರು. ಬೆಳೆದ ಗಿಡಗಳೇ ಮುಂದಿನ ವರ್ಷದ ಎಳೆಯವಕ್ಕೆ ಮರೆಯಾದವು. ಹೀಗೆ ಕಾಡು ವರ್ಷವರ್ಷಕ್ಕೂ ಬಂಡೆಗಳಿಂದ ಆಚೆ ಹಬ್ಬಿತು. ಹದಿನಾಲ್ಕನೆಯ ಬೇಸಿಗೆಯಲ್ಲಿ, ಯುಗಾದಿ ಕಳೆದ ಮೇಲೆ, ಹಳ್ಳಕ್ಕೆ ಹೊರಟ ಕುರಿಗಳು ದಾರಿ ಬಿಟ್ಟು ಮಡಿಲಿಗೆ ನುಗ್ಗಿದವು. ಕೋಲು ಹಿಡಿದು ಹಿಂದೆ ಓಡಿದವರಿಗೆ ಕಂಡದ್ದು ಮೊಣಕಾಲೂರಿ ನೀರು ಕುಡಿಯುತ್ತಿದ್ದ ಹಿಂಡು. ನರೆತ ಮಾಳವ್ವ ಎಲ್ಲ ಕುರಿಗಳೂ ಕುಡಿದು ಮುಗಿಯುವ ತನಕ ಕಾದು, ಕೊನೆಗೆ ಬೊಗಸೆಯೊಡ್ಡಿದಳು ಎನ್ನುತ್ತಾರೆ. ಕೆಲವು ವರ್ಷಕ್ಕೆ ಹುಲಿಯೂ ಬಂತು. ಈ ಸಲ ಯಾರೂ ಕೊಡಲಿ ಹುಡುಕಲಿಲ್ಲ. ದೊಡ್ಡಿಯ ಬೇಲಿಯನ್ನು ಆಳೆತ್ತರ ಮಾಡಿಕೊಂಡರು. ಕಾಡಿಗೆ ಕಂಬಳಿಗಾನು ಎಂಬ ಹೆಸರು ಆಗಲೇ ನಿಂತಿತ್ತು.

ಈಗ ಅಲ್ಲಿ ಕುರಿ ಮೇಯಿಸುವುದಿಲ್ಲ. ಒರತೆ ಮಾತ್ರ ಕಡುಬೇಸಿಗೆಯಲ್ಲೂ ಹರಿಯುತ್ತದೆ. ಕೆಳಗಿನ ಮೂರು ಊರುಗಳು ಅದನ್ನೇ ಕುಡಿಯುತ್ತವೆ. ನೀರು ಕುಡಿದು ಗುಡಿಗೆ ಬಂದವರು ಬೀರಪ್ಪಸ್ವಾಮಿ ಬರಿ ಕಲ್ಲಿನ ಮೇಲೆ ಕೂತಿರುವುದನ್ನು ನೋಡಿ, ಬೇರೆಲ್ಲ ಕಡೆ ಕಂಬಳಿ ಗದ್ದುಗೆ ಇರುತ್ತದಲ್ಲ, ಇಲ್ಲೇಕಿಲ್ಲ ಎಂದು ಕೇಳುತ್ತಾರೆ. ಕೆಂಚಪ್ಪನ ವಂಶದ ಪೂಜಾರಿ ತೀರ್ಥ ಕೊಡುತ್ತ, ನಿನ್ನೆ ಮೊನ್ನೆಯ ಸಂಗತಿ ಎಂಬಂತೆ ಹೇಳುತ್ತಾನೆ:

"ಕಾಡಿಗೆ ಕೊಟ್ಟವ್ನೆ. ಇನ್ನೂ ವಾಪಸ್ ಕೇಳಿಲ್ಲ."